ಸ್ಫಟಿಕದ ಮೂರ್ತಿಯ ಮುಂದೆ ಕುಳಿತುಕೊಳ್ಳುವುದು

(ನಮ್ಮ ಬಡಾವಣೆಯ ದೇವಸ್ಥಾನದ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತು ಮುಗಿದ ಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಹಿರಿಯರಿಗೆ, ತಾಯಂದಿರಿಗೆ, ಪರೀಕ್ಷೆಯ ಓದು ಬಿಟ್ಟು ಬಂದಿರುವ ಮಕ್ಕಳಿಗೆ ನಮಸ್ಕಾರ.

ತಮಿಳುನಾಡಿನ ರಾಮನಾಥಪುರದ ಹತ್ತಿರ ಉತ್ತರಕೋಶಮಂಗೈ ಎಂಬ ಊರಿದೆ. ಅಲ್ಲಿನ ಶಿವಾಲಯದಲ್ಲಿ ಮರಕತದ, ಅಂದರೆ ಪಚ್ಚೆಯ, ನಟರಾಜನಿದ್ದಾನೆ. ಆಳೆತ್ತರದ ಮೂರ್ತಿ. ಇಂಥ ಮೂರ್ತಿ ಇರುವ ಊರಿಗೆ ಹೋದವರು ಹಸಿರು ಮೈಯನ್ನು ಕಣ್ತುಂಬ ನೋಡಿ ಬರುತ್ತಾರೆ ಎಂದು ನೀವು ಭಾವಿಸಬಹುದು. ಹಾಗಾಗುವುದಿಲ್ಲ. ವರ್ಷವಿಡೀ ಆ ನಟರಾಜನಿಗೆ ಅಡಿಯಿಂದ ಮುಡಿಯವರೆಗೆ ಗಂಧ ಬಳಿದಿರುತ್ತಾರೆ. ಧನುರ್ಮಾಸದಲ್ಲಿ ಬರುವ ನಟರಾಜನ ಹಬ್ಬ ಆರ್ದ್ರಾ ದರ್ಶನದ ಹೊತ್ತಿಗೆ ಹಳೆಯ ಗಂಧವನ್ನು ತೆಗೆದು, ಅಭಿಷೇಕ ಮಾಡಿ, ಮರಕತದ ಮೈಯನ್ನು ಜನರಿಗೆ ತೋರಿಸುತ್ತಾರೆ. ಮರುದಿನ ನಸುಕಿಗೆ ಮತ್ತೆ ಹೊಸ ಗಂಧ. ಮದ್ದಳೆಯ ಸದ್ದಿಗೂ ಮರಕತ ಬಿರಿಯುತ್ತದೆ ಎಂಬ ನಂಬಿಕೆ ಆ ಸೀಮೆಯಲ್ಲಿದೆ. ಗಂಧದ ಹೊದಿಕೆ ಅದರ ರಕ್ಷಣೆಗೆಂದು ಹೇಳುತ್ತಾರೆ. ಭೂವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಈ ನಂಬಿಕೆ ಹಗುರವಾಗಿ ಕಾಣುವುದಿಲ್ಲ. ಪಚ್ಚೆ ಗಡಸು ಕಲ್ಲು ಹೌದು, ಆದರೆ ಅದರ ಒಳಗೆ ಬಿರುಕುಗಳು ಹುಟ್ಟಿನಿಂದಲೇ ತುಂಬಿರುತ್ತವೆ. ಕಲ್ಲಿನ ಸ್ವಭಾವವನ್ನು ಚೆನ್ನಾಗಿ ಅರಿತ ಜನ ಈ ಪದ್ಧತಿಯನ್ನು ಕಟ್ಟಿದ್ದಾರೆ.

ನಾನು ಈ ಉದಾಹರಣೆಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ರತ್ನದ ಮೂರ್ತಿ ಎಂದ ಕೂಡಲೇ ಇವತ್ತು ಮೊದಲು ಬರುವ ಮಾತು ಅದರ ಬೆಲೆಯದು. ಎಷ್ಟು ಕ್ಯಾರೆಟ್, ಯಾವ ಗ್ರಹಕ್ಕೆ, ಮನೆಯ ಯಾವ ಮೂಲೆಗೆ ಎಂಬ ಪ್ರಶ್ನೆಗಳು ಆಮೇಲೆ. ಇದರ ಮುಂದೆ ಕುಳಿತು ಏನು ಮಾಡಬೇಕು ಎಂದು ಕೇಳುವವರು ವಿರಳ. ನಮ್ಮ ಪರಂಪರೆಯಲ್ಲಿ ಮಣಿಯ ಮೂರ್ತಿ ಇದ್ದ ಕಡೆಯಲ್ಲೆಲ್ಲ ಅದರ ಸುತ್ತ ನೋಡುವ ಒಂದು ಕ್ರಮ ಬೆಳೆದಿದೆ: ಯಾವಾಗ ನೋಡಬೇಕು, ಯಾವ ಬೆಳಕಿನಲ್ಲಿ, ಎಷ್ಟು ಹೊತ್ತು, ನೋಡಿದ ಮೇಲೆ ಕಣ್ಣು ಮುಚ್ಚಿ ಏನು ಮಾಡಬೇಕು. ಇವತ್ತಿನ ನನ್ನ ಮಾತೆಲ್ಲ ಆ ಕ್ರಮದ ಬಗ್ಗೆ.

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಕೃಷ್ಣ ಉದ್ಧವನಿಗೆ ಪೂಜೆಯ ವಿಧಾನ ಹೇಳುತ್ತಾನೆ. ಅಲ್ಲಿ ಎಂಟು ಬಗೆಯ ಪ್ರತಿಮೆಗಳ ಪಟ್ಟಿ ಬರುತ್ತದೆ. ಕಲ್ಲಿನದು, ಮರದ್ದು, ಲೋಹದ್ದು, ಮಣ್ಣು ಗಂಧಗಳಿಂದ ಮೆತ್ತಿದ್ದು, ಚಿತ್ರ ಬರೆದದ್ದು, ಮರಳಿನದು, ಆಮೇಲೆ ಮನೋಮಯಿ, ಕೊನೆಗೆ ಮಣಿಮಯಿ. ಮನಸ್ಸಿನಲ್ಲೇ ಕಟ್ಟಿಕೊಂಡ ಮೂರ್ತಿಯೂ ರತ್ನದ ಮೂರ್ತಿಯೂ ಒಂದೇ ಸಾಲಿನಲ್ಲಿ, ಒಂದರ ಪಕ್ಕದಲ್ಲೊಂದು ಕುಳಿತಿವೆ. ಒಂದಕ್ಕೆ ಕಾಸಿನ ಖರ್ಚಿಲ್ಲ. ಇನ್ನೊಂದಕ್ಕೆ ಅರಸರ ಬೊಕ್ಕಸ ಬೇಕಾಗಬಹುದು. ಇಂಥದ್ದು ಹೆಚ್ಚು, ಇಂಥದ್ದು ಕಡಿಮೆ ಎಂಬ ಮಾತು ಅಲ್ಲಿಲ್ಲ. ಅದೇ ಪ್ರಕರಣದಲ್ಲಿ ಚಲ, ಅಚಲ ಎಂಬ ಭೇದವನ್ನೂ ಹೇಳಿ, ನೀರು ತಾಳುವ ಮೂರ್ತಿಗೆ ಸ್ನಾನ, ನೀರು ತಾಳದ್ದಕ್ಕೆ ಬರಿಯ ಒರೆಸುವಿಕೆ ಎಂದು ವಿಧಿಸಿದೆ. ವಸ್ತುವಿನ ಗುಣ ತಿಳಿದು ಉಪಚಾರ ಮಾಡು ಎಂಬ ಈ ಸೂಕ್ಷ್ಮಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ರತ್ನದ ಮೂರ್ತಿಗಳು ಹಾಳಾಗುವುದು ಬಹುಪಾಲು ಅದನ್ನು ಮರೆತಾಗ.

ನಮ್ಮ ನಾಡಿಗೆ ಅತ್ಯಂತ ಪರಿಚಿತವಾದ ಮಣಿಮೂರ್ತಿ ಶೃಂಗೇರಿಯ ಚಂದ್ರಮೌಳೀಶ್ವರ. ಅದು ಸ್ಫಟಿಕಲಿಂಗ. ಆದಿ ಶಂಕರರಿಂದ ಬಂದದ್ದು ಎಂಬುದು ಮಠದ ಪರಂಪರೆಯ ಮಾತು. ಅದರ ಜೊತೆಗೆ ರತ್ನಗರ್ಭ ಗಣಪತಿಯೂ ಇದ್ದಾನೆ. ರಾತ್ರಿಯ ಚಂದ್ರಮೌಳೀಶ್ವರ ಪೂಜೆಯನ್ನು ಜಗದ್ಗುರುಗಳೇ ಕುಳಿತು ಮಾಡುತ್ತಾರೆ. ನೀವು ಅಲ್ಲಿಗೆ ಹೋಗಿದ್ದರೆ ಗಮನಿಸಿರಬಹುದು: ಸಭೆಯಲ್ಲಿ ಕುಳಿತ ನಮಗೆ ಲಿಂಗ ಅಷ್ಟಾಗಿ ಕಾಣುವುದಿಲ್ಲ. ನೀರು, ಹಾಲು, ಬಿಲ್ವ, ಮಂತ್ರ, ಗಂಟೆಗಳ ನಡುವೆ ಒಂದು ಮಿನುಗು ಕಂಡರೆ ಕಂಡೀತು. ರಾಮೇಶ್ವರದಲ್ಲಿ ಸ್ಫಟಿಕಲಿಂಗದ ದರ್ಶನ ಬೆಳಗಿನ ಜಾವದಲ್ಲಿ ಮಾತ್ರ. ನಮ್ಮ ಕಡೆಯ ಯಾತ್ರಿಕರು ಕತ್ತಲಲ್ಲೇ ಎದ್ದು ಸಾಲಿನಲ್ಲಿ ನಿಲ್ಲುತ್ತಾರೆ. ಮೂಡುಬಿದಿರೆಯ ಗುರು ಬಸದಿಯಲ್ಲಿ ಜೈನರು ಕಾಪಾಡಿಕೊಂಡು ಬಂದಿರುವ ತೀರ್ಥಂಕರರ ರತ್ನಬಿಂಬಗಳ ದರ್ಶನಕ್ಕೂ ಸಿದ್ಧಾಂತ ದರ್ಶನ ಎಂಬ ಪ್ರತ್ಯೇಕ ಹೆಸರೇ ಇದೆ. ಮಣಿಯನ್ನು ಸದಾ ತೆರೆದಿಟ್ಟು ಮೆರೆಸುವುದು ಇವರಲ್ಲಿ ಯಾರ ಉದ್ದೇಶವೂ ಆಗಿರಲಿಲ್ಲ.

ಚಿದಂಬರದ ಕ್ರಮ ನನಗೆ ಬಹಳ ಪ್ರಿಯವಾದದ್ದು. ಅಲ್ಲಿ ದೊಡ್ಡ ನಟರಾಜನ ಜೊತೆಗೆ ಸ್ಫಟಿಕದ ಚಂದ್ರಮೌಳೀಶ್ವರನಿದ್ದಾನೆ. ದಿನಕ್ಕೆ ಆರು ಬಾರಿ ಅವನಿಗೆ ಅಭಿಷೇಕ. ಮಾಣಿಕ್ಯದ ಚಿಕ್ಕ ನಟರಾಜನೂ ಇದ್ದಾನೆ, ರತ್ನಸಭಾಪತಿ. ಅವನಿಗೆ ಬೆಳಗಿನ ಹೊತ್ತು ದಿನಕ್ಕೊಮ್ಮೆ ಅಭಿಷೇಕವಾದ ಮೇಲೆ ಅಲ್ಲಿನ ಅರ್ಚಕರಾದ ದೀಕ್ಷಿತರು ಕರ್ಪೂರದಾರತಿಯನ್ನು ಮೊದಲು ಮುಂದಿನಿಂದ ಎತ್ತುತ್ತಾರೆ. ಆಮೇಲೆ ಅದೇ ಆರತಿಯನ್ನು ಮೂರ್ತಿಯ ಹಿಂದೆ ಹಿಡಿಯುತ್ತಾರೆ. ಮುಂದಿನಿಂದ ನೋಡುವಾಗ ಕಪ್ಪು ಬೆರೆತ ಕೆಂಪಾಗಿ ಕಾಣುತ್ತಿದ್ದ ಕಲ್ಲು ಒಳಗಿನಿಂದ ಉರಿಯುವಂತೆ ಕೆಂಪಾಗುತ್ತದೆ. ನೆರೆದ ಜನರ ಬಾಯಿಂದ ತಾನೇ ತಾನಾಗಿ ಸ್ವರ ಹೊರಡುತ್ತದೆ. ಕಂಚಿನ ಮೂರ್ತಿಯ ಹಿಂದೆ ದೀಪ ಹಿಡಿದರೆ ಅಂಚಿನ ರೇಖೆಯಷ್ಟೇ ಕಾಣುತ್ತದೆ. ಕಗ್ಗಲ್ಲಿನ ಮೂರ್ತಿಯ ಹಿಂದೆ ಹಿಡಿದರೆ ನೆರಳು. ಮಣಿಯ ಮೂರ್ತಿ ಮಾತ್ರ ಬೆಳಕನ್ನು ತನ್ನೊಳಗೆ ಬಿಟ್ಟುಕೊಳ್ಳುತ್ತದೆ. ಧ್ಯಾನಕ್ಕೆ ಅದು ಒದಗುವುದು ಈ ಒಂದು ಗುಣದಿಂದ. ಮಿಕ್ಕ ಮಹಿಮೆಗಳ ವಿಷಯದಲ್ಲಿ, ಇಂಥ ಕಲ್ಲು ಇಟ್ಟರೆ ಸಾಲ ತೀರುತ್ತದೆ, ಇಂಥದ್ದು ಇಟ್ಟರೆ ಮಂಡಿನೋವು ಹೋಗುತ್ತದೆ ಎಂಬ ಮಾತುಗಳ ವಿಷಯದಲ್ಲಿ, ನನಗೆ ಯಾವ ವಿಶ್ವಾಸವೂ ಇಲ್ಲ. ಮಂಡಿನೋವಿಗೆ ವೈದ್ಯರನ್ನು ನೋಡಿ.

ಈಗ ಸ್ಫಟಿಕದ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮಲ್ಲಿ ಹೆಚ್ಚಿನವರ ಕೈಗೆಟುಕುವ ಮಣಿ ಅದೇ. ರಾಸಾಯನಿಕವಾಗಿ ಅದು ಸಿಲಿಕಾನ್ ಡೈಆಕ್ಸೈಡ್, ನದಿಯ ಮರಳಿನ ಮುಖ್ಯ ಅಂಶವೂ ಅದೇ. ಭೂಮಿಯೊಳಗಿನ ಟೊಳ್ಳುಗಳಲ್ಲಿ ಬಿಸಿನೀರಿನಲ್ಲಿ ಕರಗಿದ್ದ ಸಿಲಿಕಾ ನಿಧಾನವಾಗಿ ಕಟ್ಟಿಕೊಳ್ಳುತ್ತ, ಆರು ಮುಖದ ಕಂಬಗಳಾಗಿ ಬೆಳೆಯುತ್ತದೆ. ಗಡಸುತನದ ಮೋಸ್ ಮಾಪಕದಲ್ಲಿ ಅದರ ಸ್ಥಾನ 7. ಸಾಮಾನ್ಯ ಉಕ್ಕಿನ ಚಾಕು ಅದನ್ನು ಗೀರಲಾರದು. ಹಾಗಾಗಿ ಶಿಲ್ಪಿಯ ಉಳಿ ಇಲ್ಲಿ ಕೆಲಸ ಮಾಡುವುದಿಲ್ಲ. ವಜ್ರದ ಪುಡಿ ಕೂಡಿಸಿದ ಚಕ್ರಕ್ಕೆ ಒಡ್ಡಿ ತಾಳ್ಮೆಯಿಂದ ಉಜ್ಜಿ ಉಜ್ಜಿ ರೂಪ ತೆಗೆಯಬೇಕು. ಜೈಪುರದಲ್ಲಿ ಈ ಕೆಲಸ ಮಾಡುವ ಕುಶಲಿಗಳಿದ್ದಾರೆ; ಗುಜರಾತಿನ ಖಂಭಾತದಲ್ಲಿ ಅಕೀಕು (ಅಗೇಟ್) ಕಲ್ಲುಗಳನ್ನು ಕೊರೆಯುವ ಕಸುಬು ಬಹಳ ಪುರಾತನವಾದದ್ದು. ಉಜ್ಜಿ ತೆಗೆದ ರೂಪದಲ್ಲಿ ಕಂಚಿನ ಎರಕದ ಚೂಪು ಬರುವುದಿಲ್ಲ. ಸಣ್ಣ ಸ್ಫಟಿಕದ ಕೃಷ್ಣನ ಮುಖವನ್ನು ಹತ್ತಿರದಿಂದ ನೋಡಿ, ಕಣ್ಣು ಮೂಗುಗಳು ಕರಗಿದಂತಿರುತ್ತವೆ. ಅದರ ಮೇಲೆ ಹಿಂದಿನ ಬೆಳಕು, ಪಕ್ಕದ ಬಟ್ಟೆಯ ಬಣ್ಣ ಎಲ್ಲ ಹಾದುಹೋಗಿ ಮುಖಭಾವವೇ ಸಿಗುವುದಿಲ್ಲ. ಆದ್ದರಿಂದ ಪಾರದರ್ಶಕ ಸ್ಫಟಿಕದಲ್ಲಿ ಲಿಂಗವನ್ನೋ ಶಿಖರದಂತೆ ಎದ್ದ ಮೇರು ಶ್ರೀಚಕ್ರವನ್ನೋ ಇಟ್ಟುಕೊಳ್ಳಿ, ಗಣಪತಿಯಾದರೆ ತುಂಬಿಕೊಂಡ ಸರಳ ರೂಪದವನಿರಲಿ ಎಂದು ನಾನು ಹೇಳುವುದು. ಮುಖ ನೋಡಿ ಧ್ಯಾನಿಸುವ ಆಸೆಯುಳ್ಳವರಿಗೆ ಬೆಳಕು ಹಾಯದ ಕಲ್ಲು ಮೇಲು. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಸಿಗುವ ಮಬ್ಬು ಮಾಣಿಕ್ಯದಲ್ಲಿ ಕಡೆದ ದೇವಿಯ ಮೂರ್ತಿಗಳನ್ನು ನೋಡಿದ್ದೇನೆ. ಆ ನೇರಳೆಗೆಂಪಿನಲ್ಲಿ ಮುಖ ನಿಲ್ಲುತ್ತದೆ.

ಕಡೆಯದ ಕಲ್ಲಿನ ಪೂಜೆಯೂ ನಮ್ಮಲ್ಲಿದೆ ಎಂಬುದನ್ನು ಮರೆಯಬಾರದು. ಸ್ಮಾರ್ತರು ಐದು ದೇವತೆಗಳನ್ನು ಒಟ್ಟಿಗೆ ಪೂಜಿಸುವ ಪಂಚಾಯತನದಲ್ಲಿ ಸೂರ್ಯನಿಗೆ ಸ್ಫಟಿಕ, ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಅಂಬಿಕೆಗೆ ಸ್ವರ್ಣಮುಖಿಯ ಹೊಳೆಯುವ ಕಲ್ಲು, ಗಣಪತಿಗೆ ಶೋಣ ನದಿಯ ಕೆಂಪು ಕಲ್ಲು. ಕಣ್ಣು ಮೂಗು ಯಾವುದಕ್ಕೂ ಇಲ್ಲ. ರೂಪವನ್ನು ಪೂಜಿಸುವವರೇ ಮನಸ್ಸಿನಿಂದ ತುಂಬಬೇಕು.

ಮನೆಯಲ್ಲಿ ಸ್ಫಟಿಕದ ಮೂರ್ತಿಯಿರುವವರು ಒಂದು ಪ್ರಯೋಗ ಮಾಡಿ. ಅಂಗಳದ ಕೆಂಪು ದಾಸವಾಳವೊಂದನ್ನು ಕಿತ್ತು ಮೂರ್ತಿಗೆ ತಾಗುವಂತೆ ಹಿಂದೆ ಇಡಿ. ಕಲ್ಲು ಕೆಂಪಾಗಿ ಕಾಣುತ್ತದೆ. ಹೂವನ್ನು ತೆಗೆಯಿರಿ, ಕೆಂಪಿನ ಕಲೆ ಒಂದಿಷ್ಟೂ ಉಳಿಯುವುದಿಲ್ಲ. ಸಾಂಖ್ಯರೂ ವೇದಾಂತಿಗಳೂ ನೂರಾರು ವರ್ಷ ಎತ್ತಿಕೊಂಡು ಬಂದ ದೃಷ್ಟಾಂತವಿದು. ಸುಖ, ದುಃಖ, ಸಿಟ್ಟು ಎಲ್ಲ ಪಕ್ಕದ ಹೂವಿನ ಬಣ್ಣ. ಅರಿವಿಗೆ ಅದು ಅಂಟಿದಂತೆ ತೋರುತ್ತದೆ, ಅಂಟಿರುವುದಿಲ್ಲ. ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ ಇದೇ ಮಣಿಯನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತಾನೆ: ವೃತ್ತಿಗಳು ಕ್ಷೀಣಿಸಿದ ಚಿತ್ತ ಉತ್ತಮ ಮಣಿಯ ಹಾಗೆ, ಯಾವುದರ ಬಳಿ ಇರುತ್ತದೆಯೋ ಅದರ ರೂಪವನ್ನೇ ತಾಳುತ್ತದೆ. ವೇದಾಂತಿ ಬಣ್ಣ ಕಳಚುವುದನ್ನು ತೋರಿಸಿದರೆ ಯೋಗಿ ಬಣ್ಣ ತಾಳುವುದನ್ನು ತೋರಿಸುತ್ತಾನೆ. ಭಕ್ತನಿಗೆ ಎರಡೂ ಬೇಕು. ದೇವರ ಮುಂದೆ ಕುಳಿತವನ ಮನಸ್ಸು ಕಚೇರಿಯ ಬಣ್ಣ ಕಳಚಿಕೊಳ್ಳಬೇಕು, ಎದುರಿನ ಮೂರ್ತಿಯ ಬಣ್ಣ ತಾಳಬೇಕು. ಈ ದೃಷ್ಟಾಂತವನ್ನು ಪುಸ್ತಕದಲ್ಲಿ ಓದುವುದು ಒಂದು ರೀತಿ, ದಿನವೂ ಕಣ್ಣೆದುರು ನಡೆಯುತ್ತಿರುವುದು ಇನ್ನೊಂದು ರೀತಿ. ಹೂವಿಟ್ಟಾಗಲೆಲ್ಲ ಅದು ನಡೆಯುತ್ತದೆ.

ಇನ್ನು ಕುಳಿತುಕೊಳ್ಳುವ ವಿಷಯ.

ಮೂರ್ತಿ ದೊಡ್ಡದಾಗಿರಬೇಕಿಲ್ಲ. ಹೆಬ್ಬೆರಳಿನಷ್ಟಿದ್ದರೆ ಮನೆಯ ಪೂಜೆಗೆ ಧಾರಾಳ. ನೀವು ನೆಲದ ಮೇಲೆ ಕುಳಿತಾಗ ಅದು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಬರುವಂಥ ಪೀಠ ಇರಲಿ. ಕತ್ತೆತ್ತಿ ನೋಡಬೇಕಾದ ಕಪಾಟಿನಲ್ಲಿಟ್ಟರೆ ಧ್ಯಾನ ಸಾಗದು. ಒಂದು ತೋಳಿನಳತೆಯ ದೂರ ಸಾಕು. ಪಾರದರ್ಶಕ ಕಲ್ಲಿನ ಹಿಂದೆ ಗಾಢ ಬಣ್ಣದ ಒಂದು ವಸ್ತ್ರ ಇಳಿಬಿಡಿ. ಇಲ್ಲದಿದ್ದರೆ ಹಿಂದಿನ ಗೋಡೆ, ಕ್ಯಾಲೆಂಡರ್, ಊದಿನಕಡ್ಡಿಯ ಪೊಟ್ಟಣ ಎಲ್ಲವೂ ದೇವರೊಳಗೆ ತಲೆಕೆಳಗಾಗಿ ಕಾಣುತ್ತವೆ. ದೀಪವನ್ನು ಮೂರ್ತಿಯ ಹಿಂಬದಿಗೆ, ಒಂದು ಪಕ್ಕಕ್ಕೆ, ಜ್ವಾಲೆ ನಿಮ್ಮ ಕಣ್ಣಿಗೆ ನೇರ ಬೀಳದಂತೆ ಇಡಿ. ಎಣ್ಣೆಯ ದೀಪದ ಅಲುಗುವ ಬೆಳಕು ಸ್ಫಟಿಕದಲ್ಲಿ ಉಸಿರಾಡಿದಂತೆ ಕಾಣುತ್ತದೆ. ಬಣ್ಣ ಬಣ್ಣದ ವಿದ್ಯುತ್ ದೀಪದ ಪೀಠಗಳು ಅಂಗಡಿಗಳಲ್ಲಿ ಸಿಗುತ್ತವೆ, ದಯವಿಟ್ಟು ಬೇಡ. ಕಣ್ಣು ಬಣ್ಣದ ಬದಲಾವಣೆಯನ್ನು ಕಾಯುತ್ತ ಕುಳಿತುಬಿಡುತ್ತದೆ.

ಮೊದಲು ಅಭಿಷೇಕ. ಧ್ಯಾನಕ್ಕೆ ಅವಸರಪಡುವವರು ಇದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ರುದ್ರ ಹೇಳುವವರಿಗೆ ಅದರ ಧ್ಯಾನಶ್ಲೋಕ ಗೊತ್ತಿರುತ್ತದೆ: ಪಾತಾಳದಿಂದ ನಭದವರೆಗೆ ಬ್ರಹ್ಮಾಂಡವನ್ನು ವ್ಯಾಪಿಸಿ ಬೆಳಗುವ ಜ್ಯೋತಿಯ ಸ್ಫಟಿಕಲಿಂಗ, ಅದರ ಮುಡಿಯಲ್ಲಿ ಪೂರ್ಣಚಂದ್ರ, ಚಂದ್ರನಿಂದ ಸುರಿಯುವ ಅಮೃತದಲ್ಲಿ ಸದಾ ನೆನೆಯುತ್ತಿರುವ ಈಶ. ನಿಮ್ಮ ಕೈಯ ಉದ್ಧರಣೆಯಿಂದ ಹೆಬ್ಬೆರಳಿನಷ್ಟು ಸ್ಫಟಿಕದ ಮೇಲೆ ನೀರು ಇಳಿಯುವಾಗ ಆ ಶ್ಲೋಕವನ್ನು ಮನಸ್ಸಿಗೆ ತಂದುಕೊಳ್ಳಿ. ಒಂದು ಭೌತಿಕ ಸಂಗತಿಯೂ ಆಗ ನಡೆಯುತ್ತಿರುತ್ತದೆ. ಒಣ ಕಲ್ಲಿನ ಮೇಲೆ ಸಣ್ಣ ಗೀರುಗಳು, ಬೆರಳಿನ ಗುರುತುಗಳು ಬೆಳಕನ್ನು ಚದುರಿಸುತ್ತವೆ. ನೀರು ಅವನ್ನು ತುಂಬಿದಾಗ ಮೇಲ್ಮೈ ಇಲ್ಲವಾದಂತಾಗಿ ಕಲ್ಲಿನ ಒಳಗು ತೆರೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ನೋಡುವುದನ್ನು ಕಲಿಯಿರಿ. ಬೇರೆ ಮೂರ್ತಿಗಳಿಗೂ ಧ್ಯಾನಶ್ಲೋಕಗಳು ಬಣ್ಣವನ್ನು ಹೇಳಿಯೇ ಇವೆ. ಮಕ್ಕಳು ಪರೀಕ್ಷೆಗೆ ಮೊದಲು ಹೇಳುವ ಹಯಗ್ರೀವನ ಶ್ಲೋಕದಲ್ಲಿ ಅವನು ನಿರ್ಮಲ ಸ್ಫಟಿಕದ ಆಕೃತಿಯವನು. ಮೈಸೂರಿನ ಪರಕಾಲ ಮಠದ ಆರಾಧ್ಯ ದೈವ ಅವನೇ. ಲಲಿತೆ ಸಿಂಧೂರದ ಕೆಂಪು, ಶ್ಯಾಮಲೆ ಇಂದ್ರನೀಲದ ಕಾಂತಿ. ಕಲ್ಲನ್ನು ಆರಿಸುವವರು ಗ್ರಹದ ಪಟ್ಟಿಯನ್ನು ಬದಿಗಿಟ್ಟು, ತಾವು ನಿತ್ಯ ಹೇಳುವ ಧ್ಯಾನಶ್ಲೋಕವನ್ನು ಕೇಳಿಕೊಂಡು ಆರಿಸಿದರೆ ಬಾಯಿಯ ಮಾತೂ ಕಣ್ಣಿನ ನೋಟವೂ ಒಂದೇ ಕಡೆ ಹೋಗುತ್ತವೆ.

ಅಭಿಷೇಕವಾಯಿತು, ಒರೆಸಿದ್ದಾಯಿತು. ಈಗ ಗಂಧ ಅಥವಾ ಭಸ್ಮ. ಇದು ಕೇವಲ ಅಲಂಕಾರವೆಂದು ಭಾವಿಸಬೇಡಿ. ಪಾರದರ್ಶಕ ಕಲ್ಲನ್ನು ದಿಟ್ಟಿಸಲು ಹೋದವರಿಗೆಲ್ಲ ಒಂದು ತೊಡಕು ಎದುರಾಗುತ್ತದೆ: ಕಣ್ಣು ನಿಲ್ಲುವುದಿಲ್ಲ. ಕಲ್ಲನ್ನು ದಾಟಿ ಹಿಂದಿನ ವಸ್ತ್ರಕ್ಕೆ ಹೋಗುತ್ತದೆ, ಮತ್ತೆ ಮುಂದಿನ ಹೊಳಪಿಗೆ ಬರುತ್ತದೆ, ಹೀಗೆ ಓಲಾಡಿ ತಲೆ ನೋಯುತ್ತದೆ. ಲಿಂಗದ ನಡುವೆ ಇಟ್ಟ ಒಂದು ಬೊಟ್ಟು ಗಂಧ ಕಣ್ಣಿಗೆ ನೆಲೆ ಕೊಡುತ್ತದೆ. ಇನ್ನೊಂದು ನೆಲೆ ಕಲ್ಲಿನೊಳಗೇ ಇರುತ್ತದೆ. ಸಹಜ ಸ್ಫಟಿಕದಲ್ಲಿ ಮಂಜಿನ ತೆರೆಯಂಥ ಬಿಳಿ ಮಸುಕು, ಸೂಕ್ಷ್ಮ ದ್ರವಬಿಂದುಗಳ ಪರದೆ ಸಾಮಾನ್ಯ. ವ್ಯಾಪಾರಿ ಅದನ್ನು ದೋಷ ಎನ್ನುತ್ತಾನೆ, ಬೆಲೆ ಇಳಿಸುತ್ತಾನೆ. ಧ್ಯಾನಿಸುವವರು ಸಂತೋಷದಿಂದ ಅಂಥದ್ದನ್ನೇ ತೆಗೆದುಕೊಳ್ಳಬಹುದು. ಹಲವು ತಿಂಗಳು ಕುಳಿತ ಮೇಲೆ ಆ ಮಸುಕಿನ ಆಕಾರ ಆಪ್ತರ ಮುಖದಷ್ಟು ಪರಿಚಿತವಾಗುತ್ತದೆ.

ದೃಷ್ಟಿಯನ್ನು ಅಲ್ಲಿ ನಿಲ್ಲಿಸಿ. ಹಠಯೋಗಪ್ರದೀಪಿಕೆ ತ್ರಾಟಕವನ್ನು ಹೇಳುವಾಗ ಸೂಕ್ಷ್ಮವಾದ ಗುರಿಯನ್ನು ಕಣ್ಣೀರು ಬರುವವರೆಗೆ ನಿಶ್ಚಲವಾಗಿ ನೋಡು ಎನ್ನುತ್ತದೆ. ಅದು ಯೋಗಾಭ್ಯಾಸಿಗಳ ಶುದ್ಧಿಕ್ರಿಯೆ. ಗೃಹಸ್ಥರ ಪೂಜೆಯಲ್ಲಿ ಅಷ್ಟು ಹಟ ಬೇಡ. ಕಣ್ಣು ಉರಿಯುವ ಮೊದಲೇ ಮೃದುವಾಗಿ ಮುಚ್ಚಿ. ಗ್ಲಾಕೋಮಾ, ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ದಿಟ್ಟಿಸುವ ಅಭ್ಯಾಸಕ್ಕೆ ಇಳಿಯಬಾರದು.

ಕಣ್ಣು ಮುಚ್ಚಿದ ಮೇಲಿನ ಕೆಲಸವೇ ಮುಖ್ಯ ಕೆಲಸ. ಮುಚ್ಚಿದ ಕೂಡಲೇ ಒಂದು ಬಿಂಬ ತೇಲುತ್ತದೆ. ಕೆಂಪು ಮೂರ್ತಿಯನ್ನು ನೋಡಿದವರಿಗೆ ಹಸಿರುಛಾಯೆಯದು, ಬೆಳಕನ್ನು ನೋಡಿದವರಿಗೆ ಕಪ್ಪು ಅಂಚಿನದು. ಅನೇಕರು ಇದನ್ನೇ ದರ್ಶನವೆಂದು ಸಂಭ್ರಮಿಸುತ್ತಾರೆ. ಅದು ಕಣ್ಣಿನ ಪರದೆಯ ದಣಿವಿನಿಂದ ಹುಟ್ಟುವ ಛಾಯೆ, ಯಾರಿಗಾದರೂ ಬರುತ್ತದೆ, ಗೋಡೆಗಡಿಯಾರ ದಿಟ್ಟಿಸಿದರೂ ಬರುತ್ತದೆ. ಅದು ತಾನಾಗಿ ಕರಗುವವರೆಗೆ ಸುಮ್ಮನಿರಿ. ಕರಗಿದ ಮೇಲೆ ನೆನಪಿನಿಂದ ಮೂರ್ತಿಯನ್ನು ಕಟ್ಟತೊಡಗಿ. ಪೀಠ, ಪಾದ, ಬಟ್ಟೆಯ ನೆರಿಗೆ, ಕೈ, ಎದೆ, ಕೊನೆಗೆ ಮುಖ. ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲ ತಾಯಿ ದೇವಹೂತಿಗೆ ಕಲಿಸುವ ಕ್ರಮ ಇದೇ. ಪಾದತಲದ ರೇಖೆಗಳಿಂದ ಆರಂಭಿಸಿ ಒಂದೊಂದು ಅಂಗದಲ್ಲೂ ಮನಸ್ಸು ನೆಲೆಯಾದ ಮೇಲೆ ಮುಂದಕ್ಕೆ, ಹೀಗೆ ಭಗವಂತನ ನಗುವಿನವರೆಗೆ. ಮಗ ತಾಯಿಗೆ ಧ್ಯಾನ ಹೇಳಿಕೊಡುವ ಆ ಪ್ರಸಂಗವನ್ನು ಓದುವಾಗಲೆಲ್ಲ ಅದರ ನಿಧಾನ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಎಲ್ಲೂ ಅವಸರವಿಲ್ಲ. ಮೊದಮೊದಲು ನಿಮಗೆ ಪಾದವೂ ನಿಲ್ಲುವುದಿಲ್ಲ. ಆಗ ಕಣ್ಣು ತೆರೆದು ಮತ್ತೆ ನೋಡಿ. ಮರೆತ ಭಾಗವನ್ನು ಮಣಿಯಿಂದ ಕೇಳಿ ತಿಳಿದುಕೊಂಡು ಮತ್ತೆ ಮುಚ್ಚಿ. ಹೀಗೆ ಹೋಗಿ ಬಂದು ಮಾಡುತ್ತ, ಎದುರಿನ ಮಣಿಮಯಿ ಒಳಗಿನ ಮನೋಮಯಿಯನ್ನು ರೂಪಿಸುತ್ತದೆ. ರತ್ನದ ಮೂರ್ತಿ ಮಾಡಿಕೊಡುವ ಉಪಕಾರ ಅದು. ಒಳಗಿನ ಮೂರ್ತಿ ನಿಂತ ಮೇಲೆ ಮಾನಸಪೂಜೆ ಮಾಡಿ. ಅಲ್ಲಿ ರತ್ನದ ಆಸನವನ್ನೇ ಹಾಕಬಹುದು, ಹಿಮದಷ್ಟು ತಂಪಾದ ನೀರನ್ನೇ ಎರೆಯಬಹುದು, ಯಾರ ಸಾಲವೂ ಆಗುವುದಿಲ್ಲ.

ಇಷ್ಟಲಿಂಗದ ಪೂಜೆ ಮಾಡುವ ಬಂಧುಗಳು ಇಲ್ಲಿ ಅನೇಕರಿದ್ದೀರಿ. ನಿಮಗೆ ಇದರಲ್ಲಿ ಬಹಳಷ್ಟು ಪರಿಚಿತ. ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟು, ಅದಕ್ಕೆ ಹೊದಿಸಿದ ಕಂತಿ ಎಂಬ ಲೇಪದ ಕಪ್ಪು ಹೊಳಪಿನ ಮೇಲೆ ದೃಷ್ಟಿ ನಿಲ್ಲಿಸುವ ಅಭ್ಯಾಸ ಕನ್ನಡ ನೆಲದ್ದು. ಸ್ಫಟಿಕ ಬೆಳಕನ್ನು ಒಳಗೆ ಬಿಟ್ಟುಕೊಂಡರೆ ಕಂತಿ ಬೆಳಕನ್ನು ಒಂದು ಬಿಂದುವಾಗಿ ಹಿಂದಿರುಗಿಸುತ್ತದೆ. ದೃಷ್ಟಿ ನಿಲ್ಲುವ ಅನುಕೂಲ ನೋಡಿದರೆ ಕಂತಿಯ ಲಿಂಗವೇ ಒಂದು ಕೈ ಮೇಲು ಎಂದು ನಾನು ಒಪ್ಪುತ್ತೇನೆ. ಬೆಲೆಬಾಳುವ ದೇವರ ಬಗ್ಗೆ ಅತ್ಯಂತ ಗಟ್ಟಿಯಾದ ಆಕ್ಷೇಪವೂ ಅದೇ ಕಡೆಯಿಂದ ಬಂದಿದೆ. ಅವಸರ ಬಂದರೆ ಮಾರುವ, ಅಂಜಿಕೆಯಾದರೆ ಹೂಳುವ ದೈವವನ್ನು ಸರಿಯೆಂದು ಹೇಗೆ ಒಪ್ಪಲಿ ಎಂದು ಬಸವಣ್ಣನವರು ಕೇಳಿದರು. ಈ ಪ್ರಶ್ನೆಯನ್ನು ದಾಟಿಕೊಂಡು ಹೋಗಲು ಬರುವುದಿಲ್ಲ. ತಮಿಳುನಾಡಿನ ತಿರುವಾರೂರು ಮತ್ತು ಸುತ್ತಲಿನ ಕ್ಷೇತ್ರಗಳಲ್ಲಿ ಸಪ್ತವಿಡಂಗ ಎಂದು ಹೆಸರಾದ ಏಳು ಚಿಕ್ಕ ಲಿಂಗಗಳಿವೆ, ಮರಕತದ ಪೂಜೆಗೆ ಆ ಕ್ಷೇತ್ರಗಳು ಪ್ರಸಿದ್ಧ. ಅವುಗಳಲ್ಲೊಂದಾದ ತಿರುಕ್ಕುವಳೈಯ ಲಿಂಗ ಕಳವಾದ ಸುದ್ದಿ ಬಂದಿತ್ತು. 2021ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ವಿಗ್ರಹ ಕಳವು ತಡೆ ಪೊಲೀಸರು ತಂಜಾವೂರಿನ ಬ್ಯಾಂಕ್ ಲಾಕರೊಂದರಿಂದ ಮರಕತಲಿಂಗವೊಂದನ್ನು ವಶಪಡಿಸಿಕೊಂಡಾಗ ಪತ್ರಿಕೆಗಳು ಕೋಟಿಗಳ ಲೆಕ್ಕವನ್ನೇ ದಪ್ಪಕ್ಷರದಲ್ಲಿ ಹಾಕಿದವು. ನಮ್ಮ ಮೂಡುಬಿದಿರೆಯಲ್ಲೂ 2013ರಲ್ಲಿ ಬಸದಿಯ ಬಿಂಬಗಳು ಕಳವಾದವು. ನಿತ್ಯ ನೀರು, ಹೂವು ಕಾಣಬೇಕಾದ ಮೂರ್ತಿ ಲಾಕರಿನ ಕತ್ತಲಲ್ಲಿ ಕುಳಿತರೆ ಅದು ಆಸ್ತಿಯಷ್ಟೇ ಆಗುತ್ತದೆ. ಆದ್ದರಿಂದ ನನ್ನ ನಿಲುವು ಸ್ಪಷ್ಟ: ಮನೆಯಲ್ಲಿ ಧೈರ್ಯವಾಗಿ ಹೊರಗಿಟ್ಟು ದಿನವೂ ಮುಟ್ಟಿ ತೊಳೆಯಲು ಅಂಜದಷ್ಟು ಬೆಲೆಯ ಮೂರ್ತಿಯನ್ನೇ ತನ್ನಿ. ಕಳುವಿನ ಭಯ ಹುಟ್ಟಿಸುವಷ್ಟು ಬೆಲೆಯದು ಬೇಡ.

ಕೊಳ್ಳುವವರಿಗೆ ಒಂದೆರಡು ಮಾತು. ಸ್ಫಟಿಕವೆಂದು ಮಾರುವುದರಲ್ಲಿ ಗಾಜು ಬಹಳ. ಸ್ಫಟಿಕ ಕೈಗೆ ಗಾಜಿಗಿಂತ ತಣ್ಣಗೆ ತಾಗುತ್ತದೆ, ಏಕೆಂದರೆ ಅದು ಶಾಖವನ್ನು ಬೇಗ ಸೆಳೆದೊಯ್ಯುತ್ತದೆ. ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಅದು ಗಾಜು. ಗೋಳದ ಆಕಾರದ್ದಾದರೆ ಕಾಗದದ ಮೇಲಿನ ಗೆರೆಯ ಮೇಲಿಟ್ಟು ತಿರುಗಿಸಿ ನೋಡಿ; ಸ್ಫಟಿಕ ಬೆಳಕನ್ನು ಎರಡಾಗಿ ಒಡೆಯುವುದರಿಂದ ಕೆಲವು ದಿಕ್ಕಿನಲ್ಲಿ ಗೆರೆ ಎರಡಾಗಿ ಕಾಣುತ್ತದೆ. ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕವೂ ಇದೆ, ಅದನ್ನು ಪತ್ತೆಹಚ್ಚಲು ರತ್ನಪರೀಕ್ಷಾ ಪ್ರಯೋಗಾಲಯವೇ ಬೇಕು. ಅಗ್ಗದ ಬೆಲೆಗೆ ಅಂಗೈಯಗಲದ ಪಚ್ಚೆ ಗಣಪತಿ ಸಿಕ್ಕಿತು ಎಂದರೆ ಅದು ಪಚ್ಚೆಯಲ್ಲ. ಹಸಿರು ಅವೆಂಚುರಿನ್ನೋ ಬಣ್ಣ ಹಾಕಿದ ಬೆಣಚುಕಲ್ಲೋ ಇರುತ್ತದೆ. ಅದರಿಂದ ಪೂಜೆಗೆ ಕುಂದಿಲ್ಲ. ಸುಳ್ಳು ಹೆಸರಿಗೆ ದುಡ್ಡು ಕೊಡಬೇಡಿ, ಅಷ್ಟೇ.

ಕಾಪಾಡುವ ವಿಷಯದಲ್ಲಿ ಭಾಗವತದ ಆ ಸೂಕ್ಷ್ಮಕ್ಕೆ ಬರುತ್ತೇನೆ. ಸ್ಫಟಿಕ, ಮಾಣಿಕ್ಯಗಳಿಗೆ ಪಂಚಾಮೃತ ತೊಂದರೆ ಮಾಡುವುದಿಲ್ಲ. ಆದರೆ ಬಿರುಕಿದ್ದರೆ ಅರಿಸಿನ, ಕುಂಕುಮ ಅಲ್ಲಿ ಸೇರಿ ಶಾಶ್ವತವಾಗಿ ಕೂರುತ್ತವೆ. ಹವಳ, ಮುತ್ತು, ಮ್ಯಾಲಕೈಟ್ ಮೂರ್ತಿಗಳಿಗೆ ಮೊಸರು, ನಿಂಬೆರಸ ತಾಗಿಸಲೇಬೇಡಿ. ಅವು ಕಾರ್ಬನೇಟುಗಳು, ಹುಳಿ ಅವನ್ನು ತಿನ್ನುತ್ತದೆ. ಬಿಸಿನೀರು ಎರೆದ ಕೂಡಲೇ ತಣ್ಣೀರು ಎರೆಯುವುದು, ಕರ್ಪೂರವನ್ನು ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿಯುವುದು ಯಾವ ಮಣಿಗೂ ಒಳ್ಳೆಯದಲ್ಲ. ನೇರಳೆ ಅಮೆಥಿಸ್ಟ್ ಬಿಸಿಲಿಗೆ ಬಿಳಿಚುತ್ತದೆ. ದುಂಡನೆಯ ಸ್ಫಟಿಕವನ್ನು ಕಿಟಕಿಯ ಬಿಸಿಲಿನಲ್ಲಿ ಬಟ್ಟೆಯ ಮೇಲಿಡಬೇಡಿ. ಅದು ಮಸೂರದಂತೆ ಕೆಲಸ ಮಾಡಿ ಬೆಂಕಿ ಹತ್ತಿಸಬಲ್ಲದು.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಹಿರಿಯ ತಾಯಿಯೊಬ್ಬರು ಕೇಳಿದರು: "ನಮ್ಮ ಮನೆಯ ಸ್ಫಟಿಕದ ಲಿಂಗದ ತುದಿಯಲ್ಲಿ ಚೂರು ಹಾರಿದೆ. ಪೂಜೆಯಲ್ಲಿ ಇಟ್ಟುಕೊಳ್ಳಬಹುದೇ ಸ್ವಾಮಿ?" ಕಡೆದ ಮೂರ್ತಿಯ ಅಂಗ ಮುರಿದರೆ ಅದನ್ನು ನೀರಿಗೆ ಬಿಟ್ಟು ಬೇರೆಯದನ್ನು ತರುವುದು ನಮ್ಮಲ್ಲಿ ರೂಢಿ. ಸಾಲಿಗ್ರಾಮಕ್ಕೆ ಆ ನಿಯಮವಿಲ್ಲ, ಒಡೆದರೂ ಅದು ಪೂಜ್ಯವೇ. ನಿಮ್ಮ ಲಿಂಗದ ಮಾತನ್ನು ನಿಮ್ಮ ಮನೆತನದ ಪುರೋಹಿತರು ಹೇಳಬೇಕು ತಾಯಿ, ನಾನಲ್ಲ. ಅವರು ಬೇಡವೆಂದರೆ ಹೊಳೆಗೆ ಬಿಡಲು ಅಂಜಬೇಡಿ. ಅದು ಮರಳಿನ ಜಾತಿಯ ಕಲ್ಲೇ, ನೀರಿಗೆ ಏನೂ ಕೇಡಿಲ್ಲ. ಬಣ್ಣ ಬಳಿದ ಮೂರ್ತಿಗಳ ಮಾತು ಬೇರೆ.

ಕಾಲೇಜಿನ ಹುಡುಗನೊಬ್ಬ ಕೇಳಿದ: "ಸರ್, 3ಡಿ ಪ್ರಿಂಟರಿನಲ್ಲಿ ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಮೂರ್ತಿಯಿಂದ ಇದೇ ಅಭ್ಯಾಸ ಆಗುವುದಿಲ್ಲವೇ?" ದೃಷ್ಟಿ ನಿಲ್ಲಿಸುವ ಅಭ್ಯಾಸ ಖಂಡಿತ ಆಗುತ್ತದೆ. ನಿತ್ಯಪೂಜೆಗೆ ಮಾತ್ರ ನಾನು ಅದನ್ನು ಆರಿಸುವುದಿಲ್ಲ. ಕೆಲವು ವರ್ಷಗಳಲ್ಲಿ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಗೀರು ಬೀಳುತ್ತದೆ. ಸ್ಫಟಿಕವನ್ನು ಅಜ್ಜಿಯಿಂದ ಮೊಮ್ಮಗಳು ಪಡೆಯಬಹುದು. ಅಲ್ಲಿಯವರೆಗೆ ನಿನಗೆ ಕಲ್ಲು ಸಿಗದಿದ್ದರೆ ಮರಳಿನ ಲಿಂಗವಿದೆ, ಬರೆದ ಚಿತ್ರವಿದೆ. ಎರಡೂ ಕೃಷ್ಣ ಹೇಳಿದ ಎಂಟರೊಳಗೇ ಇವೆ.

ಕೊನೆಯ ಪ್ರಶ್ನೆ, ಮಗಳು ಕೆನಡಾದಲ್ಲಿರುವ ದಂಪತಿಯದು: "ಮನೆಯ ಸ್ಫಟಿಕಲಿಂಗವನ್ನು ಅವಳಿಗೆ ಕೊಟ್ಟು ಕಳಿಸಬಹುದೇ? ಸ್ಥಳ ಬಿಟ್ಟರೆ ದೋಷವೇ?" ಗರ್ಭಗುಡಿಯಲ್ಲಿ ಪ್ರತಿಷ್ಠೆಯಾದ ಅಚಲ ಮೂರ್ತಿಗೆ ಆ ಕಟ್ಟು ಇದೆ. ಮನೆಯ ಮೂರ್ತಿ ಚಲ, ಪಯಣಕ್ಕೆಂದೇ ಆದದ್ದು. ಶೃಂಗೇರಿಯ ಜಗದ್ಗುರುಗಳು ವಿಜಯಯಾತ್ರೆಗೆ ಹೊರಟಾಗ ಚಂದ್ರಮೌಳೀಶ್ವರನೂ ಜೊತೆಗೆ ಹೊರಡುತ್ತಾನೆ. ಬಿಡಾರ ಎಲ್ಲಿ ಬಿಟ್ಟರೆ ಅಲ್ಲಿ ಪೂಜೆ. ಮಗಳಿಗೆ ಕೊಡಿ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲಿ ಇಟ್ಟುಕೊಳ್ಳಲು ಹೇಳಿ. ಅಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಬಂದ ಕೂಡಲೇ ಬಿಸಿನೀರು ಎರೆಯದೆ, ಕಲ್ಲು ಕೋಣೆಯ ಬಿಸುಪಿಗೆ ಹೊಂದಿಕೊಳ್ಳುವವರೆಗೆ ಕಾದು, ಆಮೇಲೆ ಅಭಿಷೇಕ ಮಾಡಲಿ.